ಅಪ್ಪಣೆ ಕೇಳಬಾರದಿತ್ತಾ?

ಇಂಗ್ಲೆಂಡಿನ ಹಳ್ಳಿಯಲ್ಲಿ ಬೆಳೆದವಳು ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತದೆ. ಹುಲ್ಲಿನ ಮಾಡು, ಗುಲಾಬಿ ಬಳ್ಳಿ, ಚರ್ಚಿನ ಗಂಟೆ, ಸ್ವೆಟರ್ ಹೆಣೆಯುತ್ತಲೇ ಕೊಲೆಗಾರನನ್ನು ಪತ್ತೆ ಹಚ್ಚುವ ಅಜ್ಜಿ. ನಾನು ಬೆಳೆದ ಊರು ಹಾಗಿರಲಿಲ್ಲ. ಸ್ಟಾಕ್‌ಪೋರ್ಟ್ ಮತ್ತು ಮ್ಯಾಕಲ್ಸ್‌ಫೀಲ್ಡ್ ನಡುವೆ, ಚೆಷೈರ್ ಕೌಂಟಿಯ ಅಂಚಿನಲ್ಲಿ, ಪಾಯಿಂಟನ್ ಪಕ್ಕದ ಒಂದು ಸಬರ್ಬನ್ ಹಳ್ಳಿ. ಊರಿನ ಹೆಸರು ಬೇಡ, ಯಾಕೆಂದರೆ ಮುಂದೆ ಬರುವ ಬೇಲಿಯನ್ನು ಹಾಕಿದವರು ಈಗಲೂ ಅಲ್ಲೇ ಇರಬಹುದು. ಒಂದೇ ಥರದ ಕೆಂಪು ಇಟ್ಟಿಗೆಯ ಮನೆಗಳು, ಎರಡೆರಡು ಮನೆ ಬೆನ್ನಿಗೆ ಬೆನ್ನು ಅಂಟಿಸಿಕೊಂಡಂತೆ. ಪ್ರತಿ ಮನೆ ಮುಂದೆ ಒಂದು ಕಾರು, ಕರವಸ್ತ್ರದಷ್ಟು ಹುಲ್ಲು. ಬೆಳಿಗ್ಗೆ ಅರ್ಧ ಊರು ರೈಲು ಹತ್ತಿ ಮ್ಯಾಂಚೆಸ್ಟರ್‌ಗೆ ಹೋಗಿ ಸಂಜೆ ಬರುತ್ತಿತ್ತು. ಆದರೂ ಎಲ್ಲರೂ 'ವಿಲೇಜ್' ಅಂತಲೇ ಕರೆಯುತ್ತಿದ್ದರು. ಮಾರತ್ತಹಳ್ಳಿಯೂ ಹಳ್ಳಿಯೇ ಅಲ್ವಾ, ಹಾಗೆ.

ಆ ಸೀಮೆಯ ಹಳ್ಳಿಗಳು ಒಂದು ಕಾಲದಲ್ಲಿ ಕಲ್ಲಿದ್ದಲಿನ ಊರುಗಳು. ಪಾಯಿಂಟನ್ ಗಣಿಗಳು ಮುಚ್ಚಿದ್ದು 1935ರಲ್ಲಿ. ಪಕ್ಕದಲ್ಲೇ ಹಾದುಹೋಗುತ್ತಿದ್ದ ಮಾರ್ಪಲ್–ಮ್ಯಾಕಲ್ಸ್‌ಫೀಲ್ಡ್ ರೈಲು 1970ರಲ್ಲಿ ನಿಂತಿತು. ಹಳಿ ಕಿತ್ತ ಜಾಗವನ್ನು 1985ರಲ್ಲಿ ನಡೆಯುವವರಿಗೆ, ಸೈಕಲ್‌ನವರಿಗೆ, ಕುದುರೆಯವರಿಗೆ ಬಿಟ್ಟುಕೊಟ್ಟರು. ಮಿಡ್ಲ್‌ವುಡ್ ವೇ ಅಂತ ಅದರ ಹೆಸರು. ನನ್ನ ಬಾಲ್ಯದ ಭಾನುವಾರಗಳೆಲ್ಲ ಅಲ್ಲೇ ಇವೆ. ನೆನಪಾಗುವುದು ಚಿಕ್ಕ ಚಿಕ್ಕ ಸಂಗತಿಗಳು. ತುರಿಕೆ ಗಿಡ ತಾಗಿದರೆ ಪಕ್ಕದಲ್ಲೇ ಬೆಳೆಯುವ ಡಾಕ್ ಎಲೆ ಉಜ್ಜಬೇಕು. ಅಕ್ಟೋಬರ್‌ನಲ್ಲಿ ಬೀಳುವ ಕಾಂಕರ್ ಬೀಜಕ್ಕೆ ದಾರ ಪೋಣಿಸಿ ಒಬ್ಬರದ್ದನ್ನೊಬ್ಬರು ಒಡೆಯಬೇಕು. ಸಂಜೆ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರಿನಲ್ಲಿ ಶಾಲೆಯ ನಾಟಕದಲ್ಲಿ ಒಂಟೆಯ ಹಿಂಗಾಲು ಆಗಬೇಕು. ಮೂರು ವರ್ಷ ನಾನು ಒಂಟೆಯ ಹಿಂಗಾಲೇ. ಅದರಲ್ಲಿ ಜನಾಂಗಭೇದವೇನೂ ಇರಲಿಲ್ಲ ಅಂತ ಈಗಲೂ ನಂಬಿದ್ದೇನೆ, ಮುಂಗಾಲು ಆದವಳು ನನಗಿಂತ ಚೆನ್ನಾಗಿ ನಡೀತಿದ್ದಳು.

ಆದರೆ ನಾನು ಬರೆಯಹೊರಟಿದ್ದು ಒಂದು ದಾರಿಯ ಬಗ್ಗೆ.

ನಮ್ಮ ಬೀದಿಯ ಕೊನೆಯಲ್ಲಿ ಎರಡು ಮನೆಗಳ ನಡುವೆ ಒಂದು ಸಂದಿ ಇತ್ತು. ಆ ಕಡೆಯವರು ಅದನ್ನು 'ಗಿನೆಲ್' ಅಂತಾರೆ. ಲಂಡನ್ನಿನವರಿಗೆ ಹೇಳಿದರೆ ಈ ಪದ ಅರ್ಥವೇ ಆಗಲ್ಲ. ಗಿನೆಲ್ ಮುಗಿದ ಕಡೆ ಬೇಲಿ, ಬೇಲಿ ದಾಟಲು ಎರಡು ಹಲಗೆಯ ಮೆಟ್ಟಿಲು. ಅಪ್ಪ ಮೊದಲ ದಿನವೇ ಅದನ್ನು ನೋಡಿ "ಇದು ನಮ್ಮೂರ ಉಣುಗೋಲಿನ ತಮ್ಮ" ಅಂದಿದ್ದರು. ಅಪ್ಪನ ಊರು ತೀರ್ಥಹಳ್ಳಿ ಕಡೆ. ಹಲಗೆ ದಾಟಿದರೆ ಯಾರದೋ ಹೊಲ, ಹೊಲದ ಅಂಚಿನಲ್ಲಿ ಮೂರಡಿ ಅಗಲದ ಕಾಲುದಾರಿ, ಅದು ಮುಗಿದರೆ ನಮ್ಮ ಶಾಲೆಯ ಹಿಂದಿನ ಗೇಟು. ರಸ್ತೆ ಮೇಲೆ ಹೋದರೆ ಇಪ್ಪತ್ತೈದು ನಿಮಿಷ, ದಾರಿಯಲ್ಲಿ ಹೋದರೆ ಹತ್ತು. 1999ರಲ್ಲಿ ನಾವು ಹೋದಾಗ ನನಗೆ ನಾಲ್ಕು ವರ್ಷ. ಹತ್ತರವರೆಗೆ ದಿನಾ ಎರಡು ಸಲ ಆ ದಾರಿಯಲ್ಲಿ ನಡೆದಿದ್ದೇನೆ. ಅಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೆಳಗೆ ಹಸಿರು ರಬ್ಬರ್ ಬೂಟು, ಮೇಲೆ ಅಪ್ಪನ ರೇನ್‌ಕೋಟು ಹಾಕಿಕೊಂಡು ನನ್ನ ಕೈ ಹಿಡಿದು ಹೋಗುತ್ತಿದ್ದಳು. ಹಸುಗಳು ತಲೆ ಎತ್ತಿ ನೋಡುತ್ತಿದ್ದವು. ಊರಿನವರು ನೋಡುತ್ತಿರಲಿಲ್ಲ. ನೋಡದ ಹಾಗೆ ಇರುವುದು ಅಲ್ಲಿನ ಮರ್ಯಾದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೋಟಿನ ಜೇಬಿನಲ್ಲಿ ಸದಾ ಗಿಡ ಕತ್ತರಿಸುವ ಕತ್ತರಿ. ದಾರಿಗೆ ಮುಳ್ಳು ಚಾಚಿದರೆ ಕತ್ತರಿಸುತ್ತಾ ಹೋಗುವರು. ನಡೆಯದಿದ್ದರೆ ದಾರಿ ಸಾಯುತ್ತದೆ ಅಂತ ಅವರ ವಾದ. ಮಳೆ ಬರಲಿ, ಹಿಮ ಬೀಳಲಿ, ಊರಿನ ಸುತ್ತಲಿನ ಒಂದೊಂದು ಕಾಲುದಾರಿಯನ್ನೂ ವರ್ಷಕ್ಕೊಂದು ಸಲವಾದರೂ ನಡೆದು ಮುಗಿಸುತ್ತಿದ್ದರು. ದೇವರಿಗೆ ವರ್ಷಕ್ಕೊಮ್ಮೆ ಪೂಜೆ ಸಲ್ಲಿಸಿದ ಹಾಗೆ. ಕಿಂಡರ್ ಸ್ಕೌಟ್ ಕಥೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. 1932ರ ಏಪ್ರಿಲ್ 24, ಮ್ಯಾಂಚೆಸ್ಟರಿನ ಕೂಲಿ ಹುಡುಗ ಹುಡುಗಿಯರು ನೂರಾರು ಜನ, ದೊರೆಗಳು ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಬೆಟ್ಟವನ್ನು ಬೇಕೆಂದೇ ಹತ್ತಿದರು. ಐವರಿಗೆ ಜೈಲಾಯಿತು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ, ರುಮೇನಿಯಾದಿಂದ ಬಂದ ಯಹೂದಿ ದಂಪತಿಯ ಮಗ. ಎಪ್ಪತ್ತು ವರ್ಷದ ನಂತರ, 2002ರಲ್ಲಿ, ಆ ಬೆಟ್ಟದ ಒಡೆಯರ ವಂಶದ ಡ್ಯೂಕ್ ಬಹಿರಂಗವಾಗಿ ಕ್ಷಮೆ ಕೇಳಿದರು. ಅಜ್ಜ ಇದನ್ನೆಲ್ಲ ತಾವೇ ಬೆಟ್ಟ ಹತ್ತಿದ ಹಾಗೆ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಆಗ ಅವರು ಇನ್ನೂ ತೊಟ್ಟಿಲಲ್ಲಿ ಇರಬೇಕು.

2005ರಲ್ಲಿ ಹೊಲ ಕೈ ಬದಲಾಯಿತು. ಹೊಸಬರು ಹಲಗೆ ಕಿತ್ತು ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಖಾಸಗಿ ಜಾಗ ಅಂತ ಬೋರ್ಡು. ಮರುದಿನ ಅಮ್ಮ, ನಾನು ಬೀಗ ನೋಡಿ ಸುಮ್ಮನೆ ವಾಪಸ್ ಬಂದು ರಸ್ತೆಯಲ್ಲಿ ಹೋದೆವು. ಅಜ್ಜ ಮಾತ್ರ ಅದೇ ವಾರ ಕೈಯಲ್ಲಿ ಕಾಗದದ ಕಟ್ಟು ಹಿಡಿದು ಮನೆಮನೆಗೂ ಹೊರಟರು.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು, ಬೋರ್ ಆದರೆ ಕ್ಷಮಿಸಿ. 1949ರ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಪ್ರತಿ ಕೌಂಟಿಯೂ ಸಾರ್ವಜನಿಕ ಕಾಲುದಾರಿಗಳ ನಕ್ಷೆ ಇಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 1,40,000 ಮೈಲಿ ದಾರಿ ಹೀಗೆ ದಾಖಲಾಗಿದೆ, ಬಹುಪಾಲು ಯಾರದೋ ಖಾಸಗಿ ಜಮೀನಿನ ಮೇಲೆಯೇ. ರೈತ ಹೊಲ ಉತ್ತರೂ ನಡುವೆ ಹಾಯುವ ದಾರಿಯನ್ನು ಹದಿನಾಲ್ಕು ದಿನದೊಳಗೆ ಮತ್ತೆ ಸರಿಮಾಡಿ ಕೊಡಬೇಕು. ಆದರೆ ನಕ್ಷೆ ಮಾಡುವಾಗ ಎಷ್ಟೋ ದಾರಿಗಳು ಬಿಟ್ಟುಹೋದವು, ನಮ್ಮದೂ ಹಾಗೇ. ಬಿಟ್ಟುಹೋದದ್ದನ್ನು ಸೇರಿಸುವುದಕ್ಕೆ ಒಂದು ಉಪಾಯ ಇದೆ. 1980ರ ಹೈವೇಸ್ ಕಾಯ್ದೆಯ 31ನೇ ಸೆಕ್ಷನ್. ಜನ ಒಂದು ದಾರಿಯಲ್ಲಿ ತಡೆಯಿಲ್ಲದೆ ಪೂರ್ತಿ 20 ವರ್ಷ ನಡೆದಿದ್ದರೆ, ಒಡೆಯನಿಗೆ ದಾರಿ ಬಿಟ್ಟುಕೊಡುವ ಉದ್ದೇಶ ಇರಲಿಲ್ಲ ಅಂತ ತೋರಿಸದ ಹೊರತು, ಅದು ಸಾರ್ವಜನಿಕರದ್ದು. ನಡಿಗೆಗೆ ಮೂರು ಷರತ್ತು. ರೋಮನ್ನರ ಕಾಲದಿಂದ ಬಂದವು: ಬಲಾತ್ಕಾರ ಇಲ್ಲದೆ, ಗುಟ್ಟಿಲ್ಲದೆ, ಅಪ್ಪಣೆಯಿಲ್ಲದೆ.

ಮೊದಲೆರಡು ಯಾರಿಗಾದರೂ ಅರ್ಥವಾಗುತ್ತವೆ. ಬೀಗ ಒಡೆದು ನಡೆದರೆ ಹಕ್ಕು ಹುಟ್ಟಲ್ಲ, ರಾತ್ರಿ ಕದ್ದು ನಡೆದರೂ ಹುಟ್ಟಲ್ಲ. ಮೂರನೆಯದು ವಿಚಿತ್ರ. ಒಡೆಯನನ್ನು ಕೇಳಿ, ಅವನು 'ಆಯ್ತು, ಹೋಗಿ' ಅಂದು, ಆಮೇಲೆ ನೂರು ವರ್ಷ ನಡೆದರೂ ಆ ದಾರಿ ನಿಮ್ಮದಾಗುವುದಿಲ್ಲ. ಅವನ ದಯೆಯಿಂದ ನಡೆದಿರಿ, ದಯೆ ಎಂದಾದರೂ ವಾಪಸ್ ಹೋಗಬಹುದು. ಅದಕ್ಕೇ ಅಲ್ಲಿನ ಜಾಣ ಜಮೀನ್ದಾರರು ಬೇಲಿ ಹಾಕುವುದಿಲ್ಲ, 'ನಮ್ಮ ಅನುಮತಿಯಿಂದ ನಡೆಯಬಹುದು' ಅಂತ ಚೆಂದದ ಬೋರ್ಡು ಹಾಕುತ್ತಾರೆ. ಕೆಲವರು ವರ್ಷಕ್ಕೊಂದು ದಿನ ಮಾತ್ರ ಗೇಟು ಮುಚ್ಚುತ್ತಾರೆ. 364 ದಿನದ ಔದಾರ್ಯ ಔದಾರ್ಯವಾಗಿಯೇ ಉಳಿಯಲಿ, ಹಕ್ಕಾಗದಿರಲಿ ಅಂತ.

ಅಜ್ಜ ತಂದ ಕಾಗದ ಸಾಕ್ಷಿ ಫಾರಂ. ಎಷ್ಟು ವರ್ಷದಿಂದ ನಡೆಯುತ್ತಿದ್ದೀರಿ? ವಾರಕ್ಕೆ ಎಷ್ಟು ಸಲ? ಯಾರಾದರೂ ತಡೆದಿದ್ದಾರಾ? ಎಂದಾದರೂ ಅನುಮತಿ ಕೇಳಿದ್ದೀರಾ? ಅಪ್ಪ ಮೊದಲು ಹಿಂಜರಿದರು. "ನಾವು ಬಂದು ಆರು ವರ್ಷ. ನಮ್ಮ ಸಾಕ್ಷಿ ನಡೆಯುತ್ತಾ?" ಅಜ್ಜ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಒಬ್ಬರೇ 20 ವರ್ಷ ನಡೆಯಬೇಕಿಲ್ಲವಂತೆ. ಒಬ್ಬರು ಐದು, ಇನ್ನೊಬ್ಬರು ಹನ್ನೆರಡು, ಮತ್ತೊಬ್ಬರು ಆರು, ಎಲ್ಲ ಎಳೆ ಸೇರಿಸಿ ಹಗ್ಗ ಹೊಸೆದ ಹಾಗೆ. ನಡೆದವರು ಎಲ್ಲಿಯವರು, ಅವರ ಪಾಸ್‌ಪೋರ್ಟು ಯಾವ ಬಣ್ಣದ್ದು ಅಂತ ಫಾರಂ ಕೇಳುವುದಿಲ್ಲ. ಹತ್ತು ವರ್ಷದ ನನಗೆ ಇದು ಎಷ್ಟು ಹಿಡಿಸಿತೆಂದರೆ, ನನಗೂ ಒಂದು ಫಾರಂ ಬೇಕು ಅಂತ ಹಟ ಹಿಡಿದೆ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ: ದಿನಕ್ಕೆ ಎರಡು ಸಲ, ಜ್ವರ ಬಂದ ದಿನ ಬಿಟ್ಟು.

ಅಪ್ಪನೂ ಅಡುಗೆ ಮನೆಯ ಟೇಬಲ್ಲಿನಲ್ಲಿ ಕೂತು, ಆಸ್ಪತ್ರೆಯ ಕೇಸ್ ಶೀಟ್ ಬರೆಯುವಷ್ಟೇ ಶ್ರದ್ಧೆಯಿಂದ ತುಂಬಿಸಿದರು. ಅನುಮತಿಯ ಪ್ರಶ್ನೆ ಬಂದಾಗ ಹೌದು ಅಂತ ಬರೆದು, ಕೆಳಗೆ ವಿವರವನ್ನೂ ಕೊಟ್ಟರು. ನಾವು ಊರಿಗೆ ಬಂದ ಮೊದಲ ತಿಂಗಳೇ ಹಳೆಯ ರೈತನ ಮನೆಗೆ ಹೋಗಿ, ನನ್ನ ಹೆಂಡತಿ ಮಗಳು ನಿಮ್ಮ ಹೊಲದ ಅಂಚಿನಲ್ಲಿ ಶಾಲೆಗೆ ಹೋಗಬಹುದೇ ಅಂತ ಕೇಳಿದ್ದೆ, ಅವರು ಸಂತೋಷದಿಂದ ಒಪ್ಪಿದರು. ಜೊತೆಗೆ ಒಂದು ಡಬ್ಬ ಮೈಸೂರು ಪಾಕ್ ಕೊಟ್ಟು ಬಂದಿದ್ದರಂತೆ, ಅದೊಂದನ್ನು ಬರೆಯಲಿಲ್ಲ.

ಅಜ್ಜ ಓದಿದರು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಫಾರಮ್ಮನ್ನು ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡು, "ನೀವು ಕೇಳಬಾರದಿತ್ತು ಡಾಕ್ಟರ್" ಅಂದರು. ಬೇಸರದಿಂದಲ್ಲ, ರೋಗಿಗೆ ರಿಪೋರ್ಟ್ ಹೇಳುವ ದನಿಯಲ್ಲಿ. ಆ ಊರಿನಲ್ಲಿ ಆ ದಾರಿಗೆ ಅಪ್ಪಣೆ ಕೇಳಿದ್ದ ಒಬ್ಬನೇ ಮನುಷ್ಯ ನಮ್ಮಪ್ಪ. ಅಮ್ಮನ ಫಾರಂ ಮಾತ್ರ ಚೊಕ್ಕವಾಗಿತ್ತು. ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಆಗ ಅವಳಿಗೆ ಇಂಗ್ಲಿಷ್ ಮಾತಾಡಲು ನಾಚಿಕೆ.

ಇದನ್ನು ನಾನು ಎಷ್ಟೋ ವರ್ಷ ತಮಾಷೆಯ ಕಥೆಯಾಗಿ ಹೇಳುತ್ತಿದ್ದೆ. ಈಗ ಅದು ಅಷ್ಟು ತಮಾಷೆಯಾಗಿ ಕಾಣುವುದಿಲ್ಲ. ಅಪ್ಪ ಆ ದೇಶದಲ್ಲಿ ಎಲ್ಲದಕ್ಕೂ ಅಪ್ಪಣೆ ಕೇಳುತ್ತಿದ್ದರು. ಮನೆಯಲ್ಲಿ ಒಗ್ಗರಣೆ ಹಾಕಿದರೆ ಘಾಟು ಹೋಗುತ್ತೆ ಅಂತ ಪಕ್ಕದವರಿಗೆ ಮೊದಲೇ ಹೇಳಿ ಬರುವುದು. ದೀಪಾವಳಿಗೆ ನಾಲ್ಕು ಸುರುಸುರುಬತ್ತಿ ಹಚ್ಚಲು ಬೀದಿಗೆಲ್ಲ ಚೀಟಿ ಹಂಚುವುದು. ಅದೇ ಬೀದಿಯವರು ನವೆಂಬರ್ 5ಕ್ಕೆ ನಮ್ಮನ್ನು ಕೇಳದೆಯೇ ಆಕಾಶ ಹರಿಯುವಂತೆ ಪಟಾಕಿ ಹೊಡೆಯುತ್ತಿದ್ದರು, ಕೇಳಬೇಕು ಅಂತ ಅವರಿಗೆ ಹೊಳೆಯುತ್ತಲೂ ಇರಲಿಲ್ಲ. ಅಮ್ಮನದು ಬೇರೆ ಥರ. ಆಗಸ್ಟ್ ಕೊನೆಗೆ ಬೇಲಿ ತುಂಬ ಬ್ಲ್ಯಾಕ್‌ಬೆರಿ ಬಿಡುತ್ತಿತ್ತು. ಅವಳು ಬೆಳಿಗ್ಗೆ ಆರಕ್ಕೇ, ಯಾರೂ ಏಳುವ ಮೊದಲು, ಸ್ಟೀಲ್ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕಿತ್ತು ತಂದು ಗೊಜ್ಜು ಮಾಡುತ್ತಿದ್ದಳು. ನಿಜ ಏನೆಂದರೆ, ತಾನಾಗಿ ಬೆಳೆದ ಕಾಡುಹಣ್ಣನ್ನು ಮಾರಾಟಕ್ಕಲ್ಲದೆ ಕಿತ್ತರೆ ಅದು ಕಳ್ಳತನವೇ ಅಲ್ಲ ಅಂತ ಅಲ್ಲಿನ 1968ರ ಥೆಫ್ಟ್ ಕಾಯ್ದೆಯಲ್ಲೇ ಬರೆದಿದೆ. ಊರಿನ ಮಕ್ಕಳೆಲ್ಲ ಹಾಡಹಗಲೇ ಬಾಯಿ ನೇರಳೆ ಮಾಡಿಕೊಂಡು ತಿನ್ನುತ್ತಿದ್ದವು, ಅವರ ಜೊತೆ ನಾನೂ. ಅಪ್ಪ ಅಪ್ಪಣೆಯಿಂದ ಬದುಕಿದರು, ಅಮ್ಮ ಗುಟ್ಟಿನಿಂದ. ಕಾನೂನಿನ ಲೆಕ್ಕದಲ್ಲಿ ಇಬ್ಬರಿಗೂ ಹಕ್ಕು ಹುಟ್ಟುವುದಿಲ್ಲ.

ಪಾಸ್‌ಪೋರ್ಟಿನಲ್ಲೂ ಅದೇ ಪದ ಇತ್ತು. ಬ್ರಿಟನ್ನಿನ ವೀಸಾ ಭಾಷೆಯಲ್ಲಿ ದೇಶದೊಳಗೆ ಬರುವುದಕ್ಕೆ 'ಲೀವ್ ಟು ಎಂಟರ್', ಉಳಿಯುವುದಕ್ಕೆ 'ಲೀವ್ ಟು ರಿಮೈನ್'. ಲೀವ್ ಅಂದರೆ ಹೊರಡು ಅಂತ ತಾನೆ ಮಕ್ಕಳಿಗೆ ಗೊತ್ತಿರುವ ಅರ್ಥ? ಉಳಿಯುವುದಕ್ಕಾಗಿ ಹೊರಡು ಅಂತ ಯಾಕೆ ಬರೆದಿದ್ದಾರೆ ಅಂತ ಕೇಳಿದ್ದೆ. ಇದು ಹಳೆಯ ಅರ್ಥದ ಲೀವ್, ಅಪ್ಪಣೆ ಅಂತ, ಅಂದರು ಅಪ್ಪ. ವಿದೇಶಿ ಡಾಕ್ಟರರು ವರ್ಕ್ ಪರ್ಮಿಟ್ ಇಲ್ಲದೆಯೇ ತರಬೇತಿ ಹುದ್ದೆಯಲ್ಲಿ ಇರಬಹುದಾಗಿದ್ದ ಪದ್ಧತಿ 2006ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ನಿಂತಿತು. ಸಾವಿರಾರು ಭಾರತೀಯ ಡಾಕ್ಟರರ ಹಾಗೆ ಅಪ್ಪನಿಗೂ ಮುಂದಿನ ಹುದ್ದೆ ಸಿಗಲಿಲ್ಲ. ಭಾರತೀಯ ಮೂಲದ ವೈದ್ಯರ ಸಂಘ ಕೋರ್ಟಿಗೆ ಹೋಗಿ 2008ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದಿತು. ಅಷ್ಟರಲ್ಲಿ ನಾವು ಸಾಮಾನು ಕಟ್ಟಿ ವಾಪಸ್ ಬಂದು ಒಂದು ವರ್ಷವಾಗಿತ್ತು. ಕೋರ್ಟಿಗೆ ಹೋಗುವ ಯೋಚನೆ ಬಂದಿತ್ತಾ ಅಂತ ಒಮ್ಮೆ ಕೇಳಿದಾಗ ಅಪ್ಪ ಹೇಳಿದ್ದು, "ಅವರ ಮನೆ. ಇರು ಅಂದಾಗ ಇದ್ವಿ, ಬೇಡ ಅಂದಾಗ ಬಂದ್ವಿ."

ಈ ಮಾತಿನ ಜೊತೆ ನನಗೆ ಜಗಳ ಇದೆ. ಎಂಟು ವರ್ಷ ಆ ಮನೆಯವರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದವರು, ನೈಟ್ ಶಿಫ್ಟ್ ಮಾಡಿದವರು, ತೆರಿಗೆ ಕಟ್ಟಿದವರು ಇನ್ನೂ ಅತಿಥಿಯೇ? ಹಾಗಾದರೆ ಮನುಷ್ಯ ಒಂದು ಜಾಗಕ್ಕೆ ಸೇರಿದವನಾಗುವುದು ಯಾವಾಗ? ಕಾಗದ ಕೊಟ್ಟ ದಿನವಾ, ಕೇಳುವುದನ್ನು ನಿಲ್ಲಿಸಿದ ದಿನವಾ? ಕೆಲಸಕ್ಕೆಂದು ಊರು ಬಿಟ್ಟು ಬಂದವರು ನಿಮ್ಮಲ್ಲೂ ಬೇಕಾದಷ್ಟು ಜನ ಇದ್ದೀರಿ. ಪಿಜಿಯ ಓನರ್ ಹತ್ತಿರ, ಫ್ಲ್ಯಾಟಿನ ಓನರ್ ಹತ್ತಿರ ಗೋಡೆಗೆ ಮೊಳೆ ಹೊಡೆಯಲು ಕೇಳಿದ್ದೀರಿ. ಕೇಳುವಾಗ ದನಿ ಎಷ್ಟು ಸಣ್ಣಗಾಗುತ್ತೆ ಅಂತ ನಿಮಗೆ ಗೊತ್ತು.

ಆದರೆ ಅಪ್ಪನ ಪಕ್ಷವೂ ಅಷ್ಟು ಹಗುರವಲ್ಲ. ಅವರ ಊರಿನಲ್ಲಿ ಇನ್ನೊಬ್ಬರ ತೋಟ ಹಾಯುವಾಗ ಕೆಮ್ಮಿ ಹೋಗಬೇಕು, ಮನೆ ಕಡೆ ಮುಖ ಮಾಡಿ ಒಂದು ಕೂಗು ಹಾಕಬೇಕು. ಅದು ಗುಲಾಮಗಿರಿ ಅಲ್ಲ, ಈ ಜಾಗದ ಮೇಲೆ ನಿನ್ನ ಬೆವರು ಇದೆ ಅಂತ ಗುರುತಿಸುವ ರೀತಿ. ಕೇಳುವುದು ಸಂಬಂಧ ಶುರುಮಾಡುತ್ತದೆ ಅಂತ ಅವರ ನಂಬಿಕೆ. ನಿಜ ಹೇಳಬೇಕೆಂದರೆ ಆ ಹಳೆಯ ರೈತ ಪ್ರತಿ ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಒಂದು ಡಜನ್ ಮೊಟ್ಟೆ ತಂದುಕೊಡುತ್ತಿದ್ದದ್ದು ಆ ಮೈಸೂರು ಪಾಕಿನ ದೆಸೆಯಿಂದ. ಇಪ್ಪತ್ತು ವರ್ಷ ಅವನ ಹೊಲದಲ್ಲಿ ಹಕ್ಕಿನಿಂದ ನಡೆದವರಿಗೆ ಮೊಟ್ಟೆ ಸಿಕ್ಕಿರಲಿಲ್ಲ. ಆದರೆ, ಅಪ್ಪನ ಊರಿನಲ್ಲೇ ಕೆಮ್ಮಿದರೂ ಕೂಗಿದರೂ ತೋಟ ಹಾಯಲಾಗದಿದ್ದ ಕೇರಿಯವರು ಇರಲಿಲ್ಲವೇ? ಎಲ್ಲಿ ಕೇಳುವುದೇ ಅವಮಾನವೋ ಅಲ್ಲಿ ಕೇಳುವುದು ಸೌಜನ್ಯ ಹೇಗಾದೀತು? 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗುವುದಕ್ಕೂ ಅಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ಬರೀ ನಡೆಯುವುದಕ್ಕೆ. ಅವರು ಅಪ್ಪಣೆ ಬೇಡಲಿಲ್ಲ, ನಡೆದು ಬಂಧನಕ್ಕೊಳಗಾದರು. ಸೌಜನ್ಯ ಸಮಾನರ ನಡುವೆ ಮಾತ್ರ ಸೌಜನ್ಯ ಅಂತ ನನಗೆ ಅನಿಸುತ್ತದೆ. ಒಬ್ಬ ಯಾವಾಗಲೂ ಕೇಳುವವನು, ಇನ್ನೊಬ್ಬ ಯಾವಾಗಲೂ ಕೊಡುವವನು ಆಗಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಇದನ್ನು ಒಬ್ಬ ಗೆಳೆಯನಿಗೆ ಹೇಳಿದಾಗ ಅವನು ತಕ್ಷಣ ಹಿಡಿದ. "ಹಾಗಾದ್ರೆ ಬ್ರಿಟಿಷರು ಇನ್ನೂರು ವರ್ಷ ಇಲ್ಲಿ ಓಡಾಡಿದ್ರಲ್ಲ, ಅವರಿಗೂ ಹಕ್ಕು ಬಂತಾ? ರಾಜಕಾಲುವೆ ಮೇಲೆ ಮೂವತ್ತು ವರ್ಷದ ಹಿಂದೆ ಕಟ್ಟಡ ಕಟ್ಟಿದವನಿಗೆ?" ಒಳ್ಳೆಯ ಪ್ರಶ್ನೆ. ಬ್ರಿಟಿಷರು ಮೊದಲನೇ ಷರತ್ತಿನಲ್ಲೇ ಫೇಲ್, ಬಲಾತ್ಕಾರ. ಒತ್ತುವರಿಯವನ ವಿಷಯ ಸ್ವಲ್ಪ ಸೂಕ್ಷ್ಮ. ಸ್ವಾಧೀನದ ಕಾನೂನಿನಲ್ಲಿ ಅವನಿಗೂ ಕಾಲದ ಲೆಕ್ಕ ಇದೆ, ನಮ್ಮ ಕೋರ್ಟುಗಳು ಅಂಥ ವ್ಯಾಜ್ಯಗಳಿಂದಲೇ ತುಂಬಿವೆ. ನನಗೆ ಕಾಣುವ ವ್ಯತ್ಯಾಸ ಒಂದೇ: ಕಟ್ಟಡ ಕಟ್ಟುವವನು ಬೇರೆಯವರನ್ನು ಹೊರಗಿಡುತ್ತಾನೆ, ನಡೆಯುವವನು ಯಾರನ್ನೂ ಹೊರಗಿಡುವುದಿಲ್ಲ. ಅವನು ಹೋದ ಮೇಲೂ ಹೊಲ ರೈತನದ್ದೇ, ಹುಲ್ಲು ಹಸುವಿನದ್ದೇ. ನಡೆದು ಗಳಿಸಿದ ಹಕ್ಕನ್ನು ಮಾರಲು ಬರುವುದಿಲ್ಲ, ಮಕ್ಕಳ ಹೆಸರಿಗೆ ಬರೆಯಲು ಬರುವುದಿಲ್ಲ. ಎಲ್ಲರಿಗೂ ಸಿಕ್ಕರಷ್ಟೇ ನಿಮಗೂ.

ಇಂಗ್ಲಿಷರು ಇದನ್ನು ಸುಮ್ಮನೆ ಉದಾರತೆಯಿಂದ ಕೊಟ್ಟದ್ದೂ ಅಲ್ಲ. 1604ರಿಂದ 1914ರವರೆಗೆ ಐದು ಸಾವಿರಕ್ಕೂ ಹೆಚ್ಚು ಕಾಯ್ದೆ ಮಾಡಿ ಊರಿನ ಗೋಮಾಳಗಳನ್ನು ಬೇಲಿಯೊಳಗೆ ಸೇರಿಸಿಕೊಂಡ ಪಾರ್ಲಿಮೆಂಟು ಅದು. ಕಾಲುದಾರಿಗಳು ಆ ಲೂಟಿಯಲ್ಲಿ ಬೆರಳ ಸಂದಿಯಿಂದ ಜಾರಿ ಉಳಿದ ಕಾಳುಗಳು. ಅದೇ ಜನ ನಮ್ಮಲ್ಲಿಗೆ ಬಂದು 1878ರ ಅರಣ್ಯ ಕಾಯ್ದೆಯಲ್ಲಿ ಕಾಡಿನ ಜನರ ತಲೆಮಾರುಗಳ ಓಡಾಟವನ್ನು ಹಕ್ಕಲ್ಲ, ಸರ್ಕಾರ ಕೊಟ್ಟ ರಿಯಾಯಿತಿ ಅಂದರು. ಅಪ್ಪಣೆ ಎನ್ನುವ ಪದದ ಬಲ ಅವರಿಗೆ ಚೆನ್ನಾಗಿ ಗೊತ್ತಿತ್ತು.

2019ರಲ್ಲಿ ಕ್ಲೈಂಟ್ ಕೆಲಸಕ್ಕೆ ಮ್ಯಾಂಚೆಸ್ಟರ್‌ಗೆ ಹೋದಾಗ ಒಂದು ಶನಿವಾರ ರೈಲು ಹತ್ತಿ ಊರಿಗೆ ಹೋಗಿದ್ದೆ. ಗಿನೆಲ್ ಕೊನೆಯಲ್ಲಿ ಕಬ್ಬಿಣದ ಗೇಟು ಇರಲಿಲ್ಲ. ಹೊಸ ಹಲಗೆ, ಕಂಬದ ಮೇಲೆ ಕಾಲುದಾರಿಯ ಹಳದಿ ಬಾಣದ ಗುರುತು. ಅಜ್ಜ ಇಲ್ಲ, ಅವರ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಎಷ್ಟು ಜನರ ಫಾರಂ ಸೇರಿ ಆ ಬಾಣ ಬಂತೋ, ಅಮ್ಮನದೂ ಅದರಲ್ಲಿ ಒಂದು. ನಾನು ಆ ದಾರಿಯಲ್ಲಿ ನಡೆದೆ, ಯಾರನ್ನೂ ಕೇಳಲಿಲ್ಲ. ಆ ದೇಶಕ್ಕೆ ಬರುವುದಕ್ಕೆ ವೀಸಾ ಫಾರಮ್ಮಿನ ಇಪ್ಪತ್ತು ಪುಟ ತುಂಬಿಸಿದ್ದೆ, ಅದು ಬೇರೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೇಟು. ಬೆಂಗಳೂರಿನ ಪೂರ್ವಕ್ಕೆ ಇನ್ನೂ ಹಳ್ಳಿ ಅಂತಲೇ ಹೆಸರಿರುವ ಜಾಗ. ನಾನೂರು ಫ್ಲ್ಯಾಟಿನ ಈ ಕಾಂಪ್ಲೆಕ್ಸ್ ಕಟ್ಟುವ ಮೊದಲು ಇಲ್ಲಿ ರಾಗಿ ಹೊಲ ಇತ್ತು. ಹಳೆಯ ಊರಿನವರು ಈ ಹೊಲ ಹಾಯ್ದು ಕೆರೆಯ ದಂಡೆಯ ಮಾರಮ್ಮನ ಗುಡಿಗೆ ಹೋಗುತ್ತಿದ್ದರು. ಬಿಲ್ಡರ್ ಕಾಂಪೌಂಡ್ ಹಾಕುವಾಗ ಗಲಾಟೆ ಬೇಡ ಅಂತ ಒಂದು ಚಿಕ್ಕ ಗೇಟು ಬಿಟ್ಟಿದ್ದ. ಮಂಗಳವಾರ, ಶುಕ್ರವಾರ ಹೆಂಗಸರು ತಟ್ಟೆ ಹಿಡಿದು ನಮ್ಮ ಬೇಸ್‌ಮೆಂಟ್ ರ‍್ಯಾಂಪ್ ಪಕ್ಕದಲ್ಲೇ ಹಾದುಹೋಗುತ್ತಾರೆ. ಈಗ ಸೆಕ್ಯುರಿಟಿ ಪ್ರಶ್ನೆ ಎದ್ದಿದೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಒಬ್ಬರು ಗೇಟು ಮುಚ್ಚಿ ಅಂದರು. ಬಹಳ ಜನ, ಒಳ್ಳೆಯ ಜನ, ಬೇಡ ಬೇಡ, ಪಾಪ ಅಂದರು. ಅವರಿಗೆ ಪಾಸ್ ಕೊಡೋಣ. ಫೋಟೋ, ಫೋನ್ ನಂಬರ್, ಆ್ಯಪ್‌ನಲ್ಲಿ ಎಂಟ್ರಿ. ಕೇಳಿದರೆ ಯಾರಿಗೂ ಇಲ್ಲ ಅನ್ನಲ್ಲ. ಚಪ್ಪಾಳೆ ಬಿತ್ತು.

ಎರಡರಲ್ಲಿ ಪಾಸ್ ನನಗೆ ಹೆಚ್ಚು ಭಯ ಹುಟ್ಟಿಸಿತು. ಗೇಟು ಮುಚ್ಚಿದರೆ ಜಗಳ ಆಗುತ್ತದೆ, ಜಗಳದಲ್ಲಿ ಹಕ್ಕಿನ ಪ್ರಶ್ನೆ ಎದ್ದೇಳುತ್ತದೆ. ನಮ್ಮ 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲೂ ದಾರಿಯ ಹಕ್ಕಿಗೆ ಅದೇ 20 ವರ್ಷ: ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂಬಂತೆ. ಪಾಸ್ ಕೊಟ್ಟ ದಿನ ಅವರ ಅಜ್ಜಿಯರ ಕಾಲದ ದಾರಿ ನಮ್ಮ ಔದಾರ್ಯವಾಗುತ್ತದೆ, ಮುಂದಿನ ಕಮಿಟಿ ಆ ಔದಾರ್ಯವನ್ನು ಒಂದು ವಾಟ್ಸಾಪ್ ಮೆಸೇಜಿನಲ್ಲಿ ವಾಪಸ್ ತೆಗೆದುಕೊಳ್ಳಬಹುದು. ಮೀಟಿಂಗಿನಲ್ಲಿ ಇದನ್ನು ಹೇಳಿದೆ. "ಮೇಡಂ, ನೀವು ಅವರ ಪರವೋ ವಿರುದ್ಧವೋ?" ಅಂತ ಒಬ್ಬರು ನಿಜವಾಗಿಯೂ ಗೊಂದಲಗೊಂಡು ಕೇಳಿದರು. ಗುಡಿಗೆ ಹೋಗುವ ಒಬ್ಬ ಅಜ್ಜಿಗೆ ಪಾಸಿನ ವಿಷಯ ಹೇಳಿದಾಗ ಆಕೆ, "ಅಯ್ಯೋ ಯಾಕವ್ವಾ, ನಾನು ಮದುವೆಯಾಗಿ ಬಂದಿದ್ದೇ ಈ ದಾರೀಲಿ" ಅಂದು ನಕ್ಕು ಮುಂದೆ ಹೋದಳು.

ಅಪ್ಪ ಈಗ ನಮ್ಮ ಜೊತೆ ಇದ್ದಾರೆ. ಅವರಿಗೆ ಪಾಸೇ ಸರಿ ಅನಿಸಿತು. "ಕೇಳಿ ಹೋದರೆ ಎರಡೂ ಕಡೆ ಮರ್ಯಾದೆ, ಪರಿಚಯವೂ ಆಗುತ್ತೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗಾದರೂ ಆ ಹೆಂಗಸರ ಹೆಸರು ಗೊತ್ತಾ?" ಅಂತ ಕೇಳಿದರು. ಗೊತ್ತಿರಲಿಲ್ಲ. ಹಾಗಾಗಿ ಕಳೆದ ಮೂರು ಶುಕ್ರವಾರ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಮಾತಾಡಿಸಿ, ಎಷ್ಟು ವರ್ಷದಿಂದ ಈ ದಾರಿ, ವಾರಕ್ಕೆ ಎಷ್ಟು ಸಲ, ಯಾರಾದರೂ ತಡೆದಿದ್ದಾರಾ ಅಂತ ಬರೆದುಕೊಳ್ಳುತ್ತಿದ್ದೇನೆ. ಹನ್ನೊಂದು ಜನರದ್ದು ಆಗಿದೆ. ಮೊನ್ನೆ ರಾತ್ರಿ ಅಪ್ಪ ಆ ಹಾಳೆಗಳನ್ನು ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ನಾಲ್ಕನೇ ಪ್ರಶ್ನೆಗೆ ಬಂದು ನಿಂತರು.

"ಅನುಮತಿ ಕೇಳಿದ್ದೀರಾ ಅನ್ನೋದನ್ನ ತೆಗೆದುಬಿಡು" ಅಂದರು. "ಯಾರಾದರೂ ನಿಜ ಹೇಳಿಬಿಟ್ಟಾರು."

ತೆಗೆಯಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಮುಂದಿನ ಮೀಟಿಂಗ್ ಬರುವ ಭಾನುವಾರ.